ಹವಳದ ಬಂಡೆಯೋ ಹವಳಹುತ್ತವೋ: ಫಲಕಕ್ಕೆ ಬೇಕಾದ ಪದಗಳು

ಮಾನ್ಯರೇ,

ಕಾಸರಗೋಡಿನ ಶಾಲೆಯ ಕಡಲ ಪ್ರದರ್ಶನಕ್ಕೆ ನಾಡಿದ್ದಿನೊಳಗೆ ಕನ್ನಡ ಫಲಕ ಸಿದ್ಧವಾಗಬೇಕೆಂದು ಕೇಳಿದ ಶಿಕ್ಷಕಿಯವರಿಗೆ ಈ ಉತ್ತರ. ಊರವರೇ ಮುಂದೆ ನಿಂತು ಹಾಳಾದ ಹವಳವನ್ನು ಮತ್ತೆ ಬೆಳೆಸುವುದು ಮತ್ತು ಅದಕ್ಕಾಗಿ ಸ್ಥಳೀಯರನ್ನು ತರಬೇತುಗೊಳಿಸುವುದು ಫಲಕದ ವಿಷಯವಾಗಿರುವಾಗ, ಇಂಗ್ಲಿಷಿನ ‘ಕೋರಲ್ ರೀಫ್’ಗೆ ಇತರರು ಇಲ್ಲಿ ಸೂಚಿಸಿದ ‘ಹವಳದ ಬಂಡೆ’ಯನ್ನು ನಾನು ಒಪ್ಪಲಾರೆ. ಬಂಡೆ ಜಡ. ಪುಟ್ಟ ಜೀವಿಗಳು ಸುಣ್ಣವನ್ನು ಒಸರಿಸಿ ತಲೆಮಾರಿನ ಮೇಲೆ ತಲೆಮಾರು ಕಟ್ಟುತ್ತ ಬಂದ ರಚನೆಯನ್ನು ಬಂಡೆಯೆಂದು ಓದಿದ ಮಗು, ಅದರ ಮೇಲೆ ಲಂಗರು ಇಳಿಸಿದರೆ ಕೆಡುವುದೇನು ಎಂದು ಕೇಳಿದರೆ ತಪ್ಪು ಮಗುವಿನದಲ್ಲ. ‘ದಿಬ್ಬ’ ರೂಢಿಯಲ್ಲಿದೆ, ನಿಜ. ಮರಳು ರಾಶಿ ಬಿದ್ದರೂ ದಿಬ್ಬವೇ.

ನನ್ನ ಆಯ್ಕೆ ‘ಹವಳಹುತ್ತ’. ಗೆದ್ದಲು ಕಟ್ಟಿದಂತೆ ಇದೂ ಅಸಂಖ್ಯ ಜೀವಿಗಳು ಕೂಡಿ ಕಟ್ಟಿದ್ದು. ಇದು ಮಲಯಾಳದ ‘ಪವಿಳಪ್ಪುಟ್ಟು’ವಿನ ನಕಲೆಂಬ ಆಕ್ಷೇಪಕ್ಕೆ ಬುಡವಿಲ್ಲ. ನಮ್ಮ ಹುತ್ತ, ಹಳಗನ್ನಡದ ಪುತ್ತು, ತಮಿಳಿನ ಪುಱ್ಱು, ತುಳುವಿನ ಪುಂಚ ಎಲ್ಲವೂ ಒಂದೇ ಮೂಲದವು. ನೆರೆಯ ನುಡಿ ಮೊದಲು ಬಳಸಿತೆಂಬ ಕಾರಣಕ್ಕೆ ನಮ್ಮದೇ ಪದವನ್ನು ಬಿಟ್ಟುಕೊಟ್ಟರೆ ಗಡಿನಾಡಿನಲ್ಲಿ ಕನ್ನಡ ಉಳಿಯುವುದಿಲ್ಲ, ಸೊರಗುತ್ತದೆ. ಅಚ್ಚಗನ್ನಡವೇ ಬೇಕೆನ್ನುವವರು ‘ಹವಳ’ವೇ ಸಂಸ್ಕೃತದ ಪ್ರವಾಳದ ತದ್ಭವವೆಂಬುದನ್ನು ನೆನೆಯಲಿ. ಇಂಗ್ಲಿಷಿನವರೂ ಬಳೆಯಾಕಾರದ ಹವಳದ್ವೀಪಕ್ಕೆ ‘ಅಟಾಲ್’ ಎಂಬ ಪದವನ್ನು ಮಾಲ್ದೀವಿನ ದಿವೇಹಿ ನುಡಿಯಿಂದ ಪಡೆದರು. ಹವಳದ ನಡುವೆ ಬಾಳುವವರಿಂದ ಹವಳದ ಮಾತು ಪಡೆಯುವುದು ಕೊರತೆಯಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಲಕ್ಷದ್ವೀಪದ ಹವಳದ್ವೀಪಗಳು 1956ರ ವರೆಗೆ, ಕಾಸರಗೋಡಿನಂತೆಯೇ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದನ್ನು ಈ ವಾದದಲ್ಲಿ ಯಾರೂ ಹೇಳದಿರುವುದು ನನಗೆ ಬೇಸರ ತಂದಿದೆ.

‘ಬ್ಲೀಚಿಂಗ್’ಗೆ ಸೂಚಿಸಿದ ‘ಬಿಳುಪುಗೊಳಿಸುವಿಕೆ’ ತಪ್ಪು. ಅದು ಸಕರ್ಮಕ, ಬಟ್ಟೆಗೆ ಸಲ್ಲುವ ಪದ. ನೀರು ಮಿತಿಮೀರಿ ಕಾದಾಗ ಹವಳಜೀವಿ ತನ್ನೊಳಗಿನ ಪಾಚಿಯನ್ನು ಹೊರದೂಡಿ, ಬಣ್ಣ ಕಳೆದುಕೊಂಡು, ಒಳಗಿನ ಸುಣ್ಣದ ಬಿಳಿ ಕಾಣುವಂತಾಗುತ್ತದೆ. ಆಗಲೂ ಅದು ಸತ್ತಿರುವುದಿಲ್ಲ, ಬಿಸಿ ಬೇಗ ತಗ್ಗಿದರೆ ಚೇತರಿಸಿಕೊಳ್ಳಬಲ್ಲುದು. ಆದ್ದರಿಂದ ‘ಬಿಳಿಚುವಿಕೆ’. ಲಕ್ಷದ್ವೀಪದ ಹವಳ 1998, 2010 ಮತ್ತು 2016ರಲ್ಲಿ ಹೀಗೆ ಬಿಳಿಚಿತು.

‘ರೆಸ್ಟೊರೇಶನ್’ಗೆ ಸೂಚಿಸಿದ ‘ಜೀರ್ಣೋದ್ಧಾರ’ ದೇವಸ್ಥಾನಗಳಿಗಿರಲಿ, ಇಲ್ಲಿ ‘ಪುನಶ್ಚೇತನ’ ಸಾಕು. ಮುರಿದ ತುಂಡುಗಳನ್ನು ಹಗ್ಗಕ್ಕೋ ಚೌಕಟ್ಟಿಗೋ ಕಟ್ಟಿ, ನೀರಿನಡಿಯ ನರ್ಸರಿಯಲ್ಲಿ ಬೆಳೆಸಿ, ಬಳಿಕ ಹುತ್ತದ ಮೇಲೆ ಕೂರಿಸುವುದಕ್ಕೆ ‘ಮರುನೆಡುವಿಕೆ’ ಎನ್ನಬಹುದು. ಹವಳ ಗಿಡವಲ್ಲವಲ್ಲ ಎಂದವರಿಗೆ: ಕಂಬವನ್ನೂ ನೆಡುತ್ತೇವೆ. ನರ್ಸರಿಯನ್ನು ನರ್ಸರಿಯೆಂದೇ ಬಿಡಿ.

‘ಸಮುದಾಯ ನೇತೃತ್ವದ ಸಂರಕ್ಷಣಾ ನಾಯಕತ್ವ ತರಬೇತಿ’ ಎಂಬ ಸಲಹೆ ಕನ್ನಡ ಅಕ್ಷರದಲ್ಲಿ ಬರೆದ ಇಂಗ್ಲಿಷ್. ಬೆಲೀಜ್ ದೇಶದಲ್ಲಿ ಲಾಫಿಂಗ್ ಬರ್ಡ್ ಕೇ ಎಂಬ ಪುಟ್ಟ ದ್ವೀಪದ ಸುತ್ತ ಮೀನುಗಾರರೂ ಪ್ರವಾಸಿಗರಿಗೆ ದಾರಿ ತೋರುವವರೂ ತರಬೇತಿ ಪಡೆದು ತಾವೇ ಮುಳುಗಿ ಹವಳ ನೆಟ್ಟರು. ಅಂಥವರಿಗೆ ‘ಮುಂದಾಳು’ ಎಂಬ ಮಾತು ಒಪ್ಪುತ್ತದೆ. ನಮ್ಮ ಮೊಗವೀರ ಪಟ್ಣಗಳ, ಅಂದರೆ ಕರಾವಳಿಯ ಮೀನುಗಾರರ ಊರುಗಳ, ಮುಖಂಡನಿಗೆ ಸಲ್ಲುವ ‘ಗುರಿಕಾರ’ ಪದವನ್ನು ಒಬ್ಬರು ಸೂಚಿಸಿದ್ದಾರೆ. ಅದರ ಮೇಲೆ ನನಗೆ ಬಹಳ ಗೌರವವಿದೆ, ಆದರೆ ಅದು ಸ್ಥಾನಕ್ಕೆ ಸಲ್ಲುವ ಹೆಸರು. ಕಲಿತು ಮುಂದೆ ಬರುವ ಹುಡುಗಿಗೆ ಅದನ್ನು ಕೊಡಲಾಗದು.

ಫಲಕಕ್ಕೆ ಹೀಗೆ ಬರೆಯಬಹುದು: ‘ಹವಳಹುತ್ತಗಳ ಪುನಶ್ಚೇತನ: ಊರವರೇ ನಡೆಸುವ ಕೆಲಸ, ಊರಿನ ಮುಂದಾಳುಗಳಿಗೆ ತರಬೇತಿ.’ ಜಾಗ ಸಾಲದಿದ್ದರೆ ಕೊನೆಯ ಭಾಗವನ್ನು ಎರಡನೆಯ ಸಾಲಿಗೆ ಇಳಿಸಿ. ‘ಹವಳಹುತ್ತ’ವನ್ನು ಮಾತ್ರ ಒಡೆದು ಬರೆಯಬೇಡಿ.