ಅಪ್‌ಡೇಟ್: ರಾತ್ರಿ ಉಳಿದ ಅನ್ನದ ಚಿತ್ರಾನ್ನ ತಿಂದು ವಾಂತಿ

ಒಗ್ಗರಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿದ್ದರೂ ತಿಂದ 2 ಗಂಟೆಯಲ್ಲೇ ವಾಂತಿ ಯಾಕೆ ಅಂತ ಕೇಳಿದ್ದೆ. ಲಕ್ಷಣಗಳು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹೊಂದುತ್ತವೆ. ಇದರ ಬೀಜಕಣಗಳು (ಬ್ಯಾಕ್ಟೀರಿಯಾದ ಸುಪ್ತ ರೂಪ) ಅಕ್ಕಿಯಲ್ಲೇ ಇರುತ್ತವೆ, ಅನ್ನ ಬೆಂದರೂ ಸಾಯುವುದಿಲ್ಲ. ರಾತ್ರಿಯಿಡೀ ಅನ್ನ ಹೊರಗಿದ್ದರೆ ಮೊಳೆತು, ಬೆಳೆದು, ಸೆರೆಯುಲೈಡ್ ಎಂಬ ವಿಷ ಬಿಡುತ್ತವೆ. ಆ ವಿಷ 121 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕೆಡುವುದಿಲ್ಲ. ಒಗ್ಗರಣೆಯ ಬಿಸಿ ಯಾವ ಲೆಕ್ಕ! ವಾಸನೆ, ರುಚಿ ನೋಡಿ ನಂಬಬೇಡಿ.

ವಾಂತಿ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ಶುರುವಾಗಿ, ಸಾಮಾನ್ಯವಾಗಿ ಒಂದು ದಿನದಲ್ಲಿ ನಿಲ್ಲುತ್ತದೆ. ಅಲ್ಲಿವರೆಗೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಬೇಕು. ರಕ್ತ, ಜೋರು ಜ್ವರ ಕಂಡರೆ, ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಲು ಬಿಟ್ಟು, 2 ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಪಾತ್ರೆಯಲ್ಲೇ ಬಿಟ್ಟರೆ ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ.