ಪದದ ಅರ್ಥ ಬಾಯಿಗೆ ಬರುತ್ತದೆ, ವಾಕ್ಯದಲ್ಲಿ ಕೈಕೊಡುತ್ತದೆ

ಪ್ರಶ್ನೆ (ಮೂಡಿಗೆರೆ):
ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಾನು ದಿನಕ್ಕೆ 20ರಂತೆ ಕಠಿಣ ಇಂಗ್ಲಿಷ್ ಪದಗಳನ್ನು, ಎದುರಿಗೆ ಒಂದೊಂದೇ ಕನ್ನಡ ಅರ್ಥ ಬರೆದು, ಬಾಯಿಪಾಠ ಮಾಡುತ್ತಿದ್ದೇನೆ. ‘ಸ್ಯಾಂಕ್ಷನ್’ ಎಂದರೆ ಮಂಜೂರಾತಿ ಎಂದು ಬರೆದುಕೊಂಡಿದ್ದೆ. ಸಾಲ ಸ್ಯಾಂಕ್ಷನ್ ಆಯಿತು ಎಂದು ಊರಿನವರೆಲ್ಲ ಹೇಳುವುದರಿಂದ ಸಂದೇಹವೂ ಬರಲಿಲ್ಲ. ಕಳೆದ ವಾರದ ಅಣಕು ಪರೀಕ್ಷೆಯಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದ ಬಗ್ಗೆ ಗದ್ಯಭಾಗವಿತ್ತು. ಮಂಜೂರಾತಿಯನ್ನು ಹೇರುವುದು ಹೇಗೆಂದು ತಿಳಿಯದೆ ನಾಲ್ಕು ಪ್ರಶ್ನೆಗಳಿಗೆ ತಪ್ಪು ಉತ್ತರ ಗುರುತಿಸಿದೆ. ಕಲಿಯುವ ಕ್ರಮವನ್ನೇ ಬದಲಿಸಬೇಕೇ?

ಉತ್ತರ (ಹಾಸನ, ನಿವೃತ್ತ ಇಂಗ್ಲಿಷ್ ಉಪನ್ಯಾಸಕ):
ನೀವು ಬರೆದುಕೊಂಡ ಅರ್ಥ ತಪ್ಪಲ್ಲ, ಅರ್ಧ ಮಾತ್ರ. ಈ ಪದದ ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ ಕಟ್ಟಳೆ, ಶಾಸನ ಎಂಬ ಅರ್ಥವಿದೆ. ಕಟ್ಟಳೆಯು ಒಂದನ್ನು ಒಪ್ಪುತ್ತದೆ, ಮೀರಿದವರಿಗೆ ದಂಡವನ್ನೂ ವಿಧಿಸುತ್ತದೆ. ಆದ್ದರಿಂದಲೇ ಅನುಮತಿ, ನಿರ್ಬಂಧ ಎರಡೂ ಒಂದೇ ಪದದೊಳಗೆ ಉಳಿದಿವೆ. ಯಾವುದು ಎಂಬುದನ್ನು ಪಕ್ಕದ ಕ್ರಿಯಾಪದವೇ ಹೇಳುತ್ತದೆ. ಹೇರಿದರೆ ನಿರ್ಬಂಧ, ಪಡೆದರೆ ಮಂಜೂರಾತಿ. ಹಾಗಾಗಿ ಪದದ ಎದುರು ಅರ್ಥದ ಬದಲು ಪತ್ರಿಕೆಯಲ್ಲಿ ಕಂಡ ಪೂರ್ಣ ವಾಕ್ಯವನ್ನು ಬರೆಯಿರಿ.

ಉತ್ತರ (ಚಿಕ್ಕಮಗಳೂರು):
ಪದಗಳನ್ನು ಕುಟುಂಬವಾಗಿ ಕಲಿಯುವುದೂ ನನಗೆ ಫಲ ಕೊಟ್ಟಿದೆ. ಒಣಗಿದ ಕಾಫಿಯ ಸಿಪ್ಪೆ ತೆಗೆದು, ಬೀಜವನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಕೆಲಸಕ್ಕೆ ನಾವು ಕ್ಯೂರಿಂಗ್ ಎನ್ನುತ್ತೇವಲ್ಲ, ಅದರ ಮೂಲ ಲ್ಯಾಟಿನ್‌ನ ‘ಕುರಾ’, ಅಂದರೆ ಆರೈಕೆ, ಕಾಳಜಿ. ಕಾಳಜಿಯಿಂದ ಮಾಡಿದ್ದು ‘ಆಕ್ಯುರೇಟ್’, ಚಿಂತೆಯಿಲ್ಲದ್ದು ‘ಸೆಕ್ಯೂರ್’. ಚರ್ಚಿನಲ್ಲಿ ಭಕ್ತರ ಆತ್ಮದ ಆರೈಕೆಯ ಹೊಣೆಯಿಲ್ಲದೆ ವರಮಾನ ಮಾತ್ರ ಬರುತ್ತಿದ್ದ ಹುದ್ದೆ ‘ಸೈನೆಕ್ಯೂರ್’. ಈಗ ದುಡಿಮೆಯಿಲ್ಲದೆ ಸಂಬಳ ತರುವ ಯಾವ ಹುದ್ದೆಗೂ ಆ ಮಾತು ಸಲ್ಲುತ್ತದೆ. (ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಹುದ್ದೆ ಅದಲ್ಲ ಎಂದು ನಮ್ಮ ರೈಟರ್ ಪರವಾಗಿ ಹೇಳಬೇಕು.)

ಉತ್ತರ (ಸಕಲೇಶಪುರ):
ಮೂಲ ತಿಳಿದ ಮಾತ್ರಕ್ಕೆ ಪದ ನೆನಪಿನಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ನೋಟ್‌ಬುಕ್ ಬಿಸಾಡಬೇಡಿ. ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಹೆಚ್ಚಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. 20 ಪದಗಳ ಬದಲು ಐದನ್ನು ಬರೆದು, ಮರುದಿನ, ನಾಲ್ಕನೆಯ ದಿನ, ವಾರದ ಬಳಿಕ ಅರ್ಥವನ್ನು ಕೈಯಿಂದ ಮುಚ್ಚಿ ನೋಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್, ಎಲ್ಲರಿಗೂ. ‘ಓವರ್‌ಸೈಟ್’ ಎದುರು ನಾನು ಕಣ್ತಪ್ಪು ಎಂದಷ್ಟೇ ಬರೆದಿದ್ದೆ. ಈಗ ನಿಘಂಟು ತೆರೆದರೆ ಮೇಲುಸ್ತುವಾರಿ ಎಂದೂ ಇದೆ. ಇಂದಿನ ಐದರಲ್ಲಿ ಇದೇ ಮೊದಲನೆಯದು, ಎರಡು ವಾಕ್ಯಗಳೊಂದಿಗೆ.