ಫಾಕ್ಸ್‌ಪ್ರೋದಲ್ಲಿರುವ ನುಡಿ ಅಕ್ಷರಗಳನ್ನು ಹೊಸ ಡೇಟಾಬೇಸ್‌ಗೆ ತರುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ):
ಇಲ್ಲಿನ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರ ಗಣಕ ಲೆಕ್ಕವನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ರೈತರ ಖಾತೆ, ತೂಕ, ಮುಂಗಡ ಎಲ್ಲವೂ ವಿಷುಯಲ್ ಫಾಕ್ಸ್‌ಪ್ರೋ ಎಂಬ ಮೈಕ್ರೋಸಾಫ್ಟ್‌ನ ಹಳೆಯ ಡೇಟಾಬೇಸ್ ತಂತ್ರಾಂಶದಲ್ಲಿವೆ. ಮೈಕ್ರೋಸಾಫ್ಟ್‌ನ ಬೆಂಬಲ 2015ರಲ್ಲೇ ನಿಂತಿದ್ದರೂ ತಂತ್ರಾಂಶ ಇಂದಿಗೂ ಓಡುತ್ತಿರುವುದರಿಂದ ಮಾಲೀಕರಿಗೆ ಅವಸರವಿರಲಿಲ್ಲ. ಈಗ ಎರಡನೆಯ ಅಂಗಡಿಯಲ್ಲೂ ಅದೇ ಖಾತೆಗಳು ಬೇಕಾಗಿ ಮೈಎಸ್‌ಕ್ಯೂಎಲ್ ಎಂಬ ಬೇರೊಂದು ಡೇಟಾಬೇಸ್‌ಗೆ ಒಪ್ಪಿದ್ದಾರೆ. ಪ್ರಯೋಗಕ್ಕೆಂದು ವರ್ಗಾಯಿಸಿದಾಗ ಅಂಕಿಗಳು ಸರಿಯಾಗಿ ಬಂದವು, ಆದರೆ ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚಾಗಿದ್ದ ಹೆಸರುಗಳು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾದವು. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿದ ಮೇಲೂ ‘ಚಿತ್ರದುರ್ಗ’ ಎಂಬುದು ‘ಚಿತ್ರದುಗರ್’ ಆಗಿದೆ. ಸಾಲದ್ದಕ್ಕೆ, ಎಂದೋ ಅಳಿಸಿದ ಖಾತೆಗಳೂ ಮರಳಿ ಬಂದಿವೆ.

ಉತ್ತರ (ಚಿತ್ರದುರ್ಗದಿಂದ):
ನಮ್ಮ ಊರಿನ ಹೆಸರೇ ದೋಷವನ್ನು ತೋರಿಸಿಕೊಟ್ಟಿದೆ. ನುಡಿಯು ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಉಳಿಸುವುದರಿಂದ ಅರ್ಕಾವೊತ್ತು ‘ಗ’ದ ನಂತರ ಬರುತ್ತದೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಾದರೋ ಉಚ್ಚಾರಣೆಯಂತೆ ‘ರ್’ ಮೊದಲಿರಬೇಕು. ನಿಮ್ಮ ಪರಿವರ್ತಕವು ಚಿಹ್ನೆಯನ್ನು ಬದಲಿಸಿದೆ, ಸ್ಥಾನವನ್ನು ಬದಲಿಸಿಲ್ಲ. ಒತ್ತಕ್ಷರ, ಗುಣಿತ ಸಹಿತವಾದ ಇಡೀ ಅಕ್ಷರಕ್ಕಿಂತ ಮೊದಲಿನ ಸ್ಥಾನಕ್ಕೆ ‘ರ್’ ಅನ್ನು ಸರಿಸುವ ನಿಯಮ ಸೇರಿಸಿರಿ. ಮೂಲ ಅಂಕಣವನ್ನು ಮಾತ್ರ ಅಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳಿರಿ.

ಅಳಿಸಿದ ಖಾತೆಗಳ ವಿಷಯ ಸರಳ. ಫಾಕ್ಸ್‌ಪ್ರೋದಲ್ಲಿ ಅಳಿಸಿದ ದಾಖಲೆಗೆ ಗುರುತಷ್ಟೇ ಬೀಳುತ್ತದೆ. ‘ಪ್ಯಾಕ್’ ಆದೇಶ ಕೊಡುವವರೆಗೆ ಅದು ಕಡತದಲ್ಲೇ ಇರುತ್ತದೆ. ಕಡತದ ಪ್ರತಿಯೊಂದನ್ನು ಮಾಡಿಕೊಂಡು ಅದರ ಮೇಲೆ ಪ್ಯಾಕ್ ನಡೆಸಿ, ಬಳಿಕ ವರ್ಗಾಯಿಸಿರಿ.

ಇನ್ನೊಬ್ಬರ ಉತ್ತರ:
ಇಷ್ಟೆಲ್ಲ ಶ್ರಮವೇಕೆ? ಹೆಸರುಗಳನ್ನು ನುಡಿಯಲ್ಲೇ ಬಿಟ್ಟು, ಪರದೆಯ ಮೇಲೆ ನುಡಿ ಫಾಂಟ್ ಬಳಸಿದರೆ ಸಾಕಲ್ಲವೇ?

ಉತ್ತರ (ಚಿತ್ರದುರ್ಗದಿಂದ):
ನೋಡಲು ಸಾಕು, ಹುಡುಕಲು ಸಾಲದು. ನುಡಿಯಲ್ಲಿ ‘ಚ’ಕಾರಕ್ಕೆ ಇಂಗ್ಲಿಷಿನ ದೊಡ್ಡ ಝಡ್, ‘ದ’ಕಾರಕ್ಕೆ ಸಣ್ಣ ಝಡ್ ಬಳಕೆಯಾಗುತ್ತದೆ. ಮೈಎಸ್‌ಕ್ಯೂಎಲ್ ತಾನಾಗಿ ಆರಿಸಿಕೊಳ್ಳುವ ಹೋಲಿಕೆಯ ಕ್ರಮದಲ್ಲಿ ಇವೆರಡಕ್ಕೂ ಭೇದವಿಲ್ಲವಾದ್ದರಿಂದ ಬೇರೆ ಬೇರೆ ಹೆಸರುಗಳು ಒಂದೇ ಎನಿಸಬಹುದು. ಒಬ್ಬರ ಮುಂಗಡ ಮತ್ತೊಬ್ಬರ ಖಾತೆಗೆ ಬಿದ್ದರೆ ರೈತರಿಗೆ ಫಾಂಟಿನ ಕಾರಣ ಹೇಳಲಾದೀತೇ?

ಪ್ರಶ್ನೆ ಕೇಳಿದವರು:
ನಿಯಮ ಸೇರಿಸಿದ ಮೇಲೆ ‘ದುರ್ಗ’ ಸರಿಯಾಯಿತು. ಅಳಿಸಿದ ಖಾತೆಗಳೂ ಹೋದವು. ಈಗ ಹೊಸ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದಾಗ, ಒಂದೇ ಊರಿನಲ್ಲಿ ‘ಬಸಪ್ಪ’, ‘ಬಸಪ್ಪನವರು’, ‘ಬಸ್ಸಪ್ಪ’ ಎಂಬ ಮೂರು ಖಾತೆಗಳು ಸಾಲಾಗಿ ಕಾಣಿಸಿಕೊಂಡಿವೆ. ಅವರು ಒಬ್ಬರೋ ಮೂವರೋ ಎಂಬುದನ್ನು ಮಾಲೀಕರೇ ಹೇಳಬೇಕು. ಮೆಕ್ಕೆಜೋಳದ ಆವಕ ಏರುವ ಮೊದಲು ಅವರು ಬಿಡುವು ಮಾಡಿಕೊಳ್ಳದಿದ್ದರೆ ಈ ಸುಗ್ಗಿಯ ಲೆಕ್ಕವೂ ಫಾಕ್ಸ್‌ಪ್ರೋದಲ್ಲೇ ನಡೆಯಲಿದೆ.